ರಿಫಂಡಿಗಾಗಿ ಸತ್ತ ದೊಡ್ಡಪ್ಪ

ಇಷ್ಟಕ್ಕೆಲ್ಲ ಕಾರಣ ಬೆಳಗಿನ ಚಹದ ಜೊತೆ ನೋಡಿದ ಒಂದು ವೀಡಿಯೋ. ಆಫೀಸಿನ ಗೆಳೆಯನೊಬ್ಬ ಶ್ರೀಶೈಲನಿಗೆ ‘ಹ್ಯಾಪಿ ಜರ್ನಿ’ ಎಂದು ಬರೆದು, ಕೆಳಗೆ ಅದನ್ನು ಅಂಟಿಸಿ ಕಳಿಸಿದ್ದ. ಅದರಲ್ಲಿ ಒಂದು ವಿಮಾನ ಮೋಡದೊಳಗೆ ಸಿಕ್ಕಿಕೊಂಡು, ಒಳಗಿದ್ದವರನ್ನು ಮೊರದಲ್ಲಿ ಕೇರುವ ಅಕ್ಕಿಯಂತೆ ಎತ್ತೆತ್ತಿ ಹಾಕುತ್ತಿತ್ತು. ಶ್ರೀಶೈಲ ಅದನ್ನು ಮತ್ತೆ ಮತ್ತೆ ನೋಡಿದ. ಚಹ ತಣ್ಣಗಾಯಿತು, ಅವನೂ ತಣ್ಣಗಾದ.

ಶ್ರೀಶೈಲ ಹೆದರುಪುಕ್ಕಲನೇನಲ್ಲ ಎಂದು ಅವನ ಪರವಾಗಿ ಮೊದಲೇ ಹೇಳಿಬಿಡಬೇಕು. ಮುಂಬೈಯ ಭಾಂಡುಪ್‌ನಿಂದ ದಾದರಿಗೆ ಹೋಗುವ ಲೋಕಲ್ ರೈಲಿನ ಬಾಗಿಲಿನಲ್ಲಿ ಒಂದು ಕಾಲು ಊರಿ, ಎರಡು ಬೆರಳಿನಲ್ಲಿ ಕಂಬಿ ಹಿಡಿದು ಅರ್ಧ ಆಯುಷ್ಯ ಕಳೆದವನು ಅವನು. ಆದರೆ ಲೋಕಲ್‌ನಿಂದ ಬಿದ್ದರೆ ಬೀಳುವುದಕ್ಕೆ ಹತ್ತಿರದಲ್ಲೇ ನೆಲ ಇರುತ್ತದೆ ಎಂಬ ಧೈರ್ಯ ಅವನದು. ವಿಮಾನದ ವಿಷಯದಲ್ಲಿ ಆ ಧೈರ್ಯ ಸಾಲುತ್ತಿರಲಿಲ್ಲ. ಅವನು ಈವರೆಗೆ ವಿಮಾನ ಹತ್ತಿದವನಲ್ಲ. ಅವತ್ತು ಸಂಜೆ ಹತ್ತಬೇಕಾಗಿತ್ತು.

ಧಾರವಾಡದಲ್ಲಿ ಹೆಂಡತಿಯ ತಂಗಿ ರಾಧಿಕಾಳ ಮದುವೆ. ಹೆಂಡತಿ ಮಾಧುರಿ ಮಕ್ಕಳನ್ನು ಕಟ್ಟಿಕೊಂಡು ಮುಂಚೆಯೇ ರೈಲಿನಲ್ಲಿ ಹೋಗಿದ್ದಳು. ಶ್ರೀಶೈಲನಿಗೆ ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ. “ನಮ್ಮನಿಯವರು ವಿಮಾನದಾಗ ಬರ್ತಾರ” ಎಂದು ಮಾಧುರಿ ತವರಿನಲ್ಲಿ ಒಬ್ಬರಿಗೆ ಹೇಳಿದಳು. ಅವಳ ತಮ್ಮ ಸಂತು ಅದನ್ನು ಇಡೀ ಓಣಿಗೆ ಹೇಳಿದ. ಹೀಗೆ ಹಿರಿಯ ಅಳಿಯ ಆಕಾಶಮಾರ್ಗವಾಗಿ ಬರುತ್ತಾನೆಂಬ ಸುದ್ದಿ ಬೀಗರ ಮನೆಯವರೆಗೂ ಹೋಗಿ ಮುಟ್ಟಿತ್ತು. ಈಗ “ನನಗ ಅಂಜಿಕಿ ಬರತೈತಿ” ಎಂದರೆ ಮದುವೆಯಲ್ಲಿ ಜನ ವರನನ್ನು ಬಿಟ್ಟು ಇವನನ್ನೇ ನೋಡುತ್ತಿದ್ದರು. ಆ ಮರ್ಯಾದೆ ಹೋಗಬಾರದು, ಜೀವವೂ ಹೋಗಬಾರದು.

ಚಹ ಚೆಲ್ಲಿ ಬರುವಷ್ಟರಲ್ಲಿ ಅವನೊಂದು ಉಪಾಯ ಹೂಡಿದ್ದ. ಸಾಯನ್‌ನಿಂದ ಮಧ್ಯಾಹ್ನ ಹೊರಡುವ ಬಸ್ಸು ಹತ್ತುವುದು, ಮರುದಿನ ಬೆಳಿಗ್ಗೆ ಧಾರವಾಡದಲ್ಲಿಳಿದು ವಿಮಾನದಲ್ಲಿ ಬಂದವರಂತೆ ಮುಖ ತೊಳೆದು ಕೂದಲು ಬಾಚಿಕೊಳ್ಳುವುದು. ಕೂಡಲೇ ಸಂತುವಿಗೆ ಫೋನ್ ಹಚ್ಚಿದ.

“ಸಂತು, ವಿಮಾನ ತಡ ಐತಂತಪಾ, ನಾಳೆ ಮುಂಜಾನೆ ಬರತೈತಿ. ನೀ ಏರ್‌ಪೋರ್ಟಿಗೆ ಬರಬ್ಯಾಡ. ಮದುವಿ ಮನ್ಯಾಗ ನಿನಗ ನೂರಾ ಎಂಟು ಕೆಲಸ.”

“ಅದ್ಹೆಂಗ್ರೀ ಮಾಮಾ, ನಿಮ್ಮನ್ನ ಕರಕೊಂಡ ಬರಾಕ ಹೊಸಾ ಅಂಗಿ ಇಸ್ತ್ರಿ ಮಾಡಿಸೀನಿ.”

“ಆ ಅಂಗಿ ಮದುವಿಗೆ ಹಾಕ್ಕೋ” ಎಂದು ಶ್ರೀಶೈಲ ಫೋನ್ ಇಟ್ಟ.

ಉಳಿದದ್ದು ಟಿಕೆಟ್. ತಿಂಗಳ ಸಂಬಳದ ಒಂದು ದೊಡ್ಡ ತುಂಡು ಕೊಟ್ಟು ತೆಗೆದ ಟಿಕೆಟ್ಟನ್ನು ಸುಮ್ಮನೆ ಬಿಟ್ಟುಬಿಡಲು ಅವನ ಕೈ ಬರಲಿಲ್ಲ. ಬೇರೆಯವರಾಗಿದ್ದರೆ ಫೋನಿನಲ್ಲೇ ಗುಂಡಿ ಒತ್ತಿ ಕ್ಯಾನ್ಸಲ್ ಮಾಡುತ್ತಿದ್ದರು. ಆದರೆ ಭಾಂಡುಪ್‌ನಲ್ಲಿರುವ ಧಾರವಾಡ, ಬೆಳಗಾವಿ ಕಡೆಯ ಜನ ಟಿಕೆಟ್ಟನ್ನು ಫೋನಿನಲ್ಲಿ ತೆಗೆಯುವವರಲ್ಲ. ರೈಲಿರಲಿ, ಬಸ್ಸಿರಲಿ, ವಿಮಾನವಿರಲಿ, ‘ನಮ್ಮವರ’ ಕಡೆಯೇ ಹೋಗಬೇಕು. ನಮ್ಮವರೆಂದರೆ ಸ್ಟೇಷನ್ನಿನ ಎದುರು ಗಲ್ಲಿಯಲ್ಲಿ ಟಿಕೆಟ್ ಅಂಗಡಿ ಇಟ್ಟಿದ್ದ ಸಿದ್ದರಾಮಪ್ಪನವರು. ಅವರು ಅಲ್ಲಿಯ ಲಿಂಗಾಯತ ಸಮಾಜದ ಕಾರ್ಯದರ್ಶಿಯೂ ಹೌದು. ಕನ್ಯೆ ಹುಡುಕಿಕೊಡುವುದು, ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸುವುದು, ಯಾರಾದರೂ ತೀರಿಕೊಂಡರೆ ಮಣ್ಣು ಮಾಡಲು ಜಾಗ ಗೊತ್ತುಮಾಡುವುದು, ಎಲ್ಲವೂ ಅದೇ ಅಂಗಡಿಯಿಂದ ನಡೆಯುತ್ತಿತ್ತು.

“ಕ್ಯಾನ್ಸಲ್ಲಾ?” ಸಿದ್ದರಾಮಪ್ಪ ಕನ್ನಡಕದ ಮೇಲಿನಿಂದ ನೋಡಿದರು. “ಸಂಜಿಗೆ ವಿಮಾನ ಐತಿ, ಈಗ ಬಂದು ಕ್ಯಾನ್ಸಲ್ ಅಂತೀರಲ್ರೀ ಶ್ರೀಶೈಲಪ್ಪಾ! ಒಂದ ಪ್ಲೇಟ್ ಇಡ್ಲಿಗಾಗೂವಷ್ಟು ವಾಪಸ್ ಬಂದ್ರ ನಿಮ್ಮ ಪುಣ್ಯಾ.”

“ಪೂರ್ತಿ ಬರೂದಿಲ್ಲೇನ್ರೀ?”

“ಬರತೈತಿ, ಯಾಕ ಬರೂದಿಲ್ಲ? ಮನ್ಯಾಗ ಯಾರರೆ ಸತ್ತಿರಬೇಕು. ಈ ಕಂಪನಿಯವರಿಗೆ ಇದ್ದೋರಕಿಂತಾ ಸತ್ತೋರ ಮ್ಯಾಲೆ ಗೌರವ ಜಾಸ್ತಿ. ಸತ್ತಾರೇನು ಯಾರರೆ?”

ಅವರು ಚೇಷ್ಟೆಗೆ ಕೇಳಿ ಕಂಪ್ಯೂಟರಿನ ಕಡೆ ತಿರುಗಿದ್ದರು. ಆದರೆ ಶ್ರೀಶೈಲನ ಬಾಯಿ ಅವನ ಅಪ್ಪಣೆಗೆ ಕಾಯದೆ “ಹೌದ್ರೀ” ಎಂದುಬಿಟ್ಟಿತು.

ಹೌದೆಂದ ಮೇಲೆ ಒಬ್ಬರು ಬೇಕಲ್ಲ! ಶ್ರೀಶೈಲ ಮನಸ್ಸಿನಲ್ಲೇ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದ. ಅತ್ತೆ ಬೇಡ, ಮಗಳ ಮದುವೆ ಇದೆ. ಕಾಕಾ ಬೇಡ, ಹೃದಯದ ಆಪರೇಷನ್ ಆಗಿದೆ, ನಾಲಗೆಯ ಮಾತು ಫಲಿಸಿದರೆ ಕಷ್ಟ. ಬದುಕಿದ್ದವರನ್ನು ಕೊಲ್ಲಲು ಅವನ ಮನಸ್ಸು ಒಪ್ಪಲಿಲ್ಲ. ಆಗ ನೆನಪಾದವನು ಪರಪ್ಪ ದೊಡ್ಡಪ್ಪ. ಅವನು ಶ್ರೀಶೈಲನ ಮದುವೆಯಾದ ವರ್ಷವೇ ತೀರಿಕೊಂಡಿದ್ದ. ಒಮ್ಮೆ ಸತ್ತವರನ್ನು ಇನ್ನೊಮ್ಮೆ ಸಾಯಿಸಿದರೆ ಯಾರಿಗೂ ನಷ್ಟವಿಲ್ಲ, ಪಾಪವಂತೂ ಇಲ್ಲವೇ ಇಲ್ಲ.

“ನಮ್ಮ ದೊಡ್ಡಪ್ಪರೀ. ಪರಪ್ಪ ದೊಡ್ಡಪ್ಪ. ಇವತ್ತ ಮುಂಜಾನೆ, ಊರಾಗ.”

ಸಿದ್ದರಾಮಪ್ಪನವರ ಕೈ ಮೌಸಿನ ಮೇಲೆ ನಿಂತಿತು. ಅವರು ಎದ್ದು ನಿಂತು ಕನ್ನಡಕ ತೆಗೆದರು. “ಪರಪ್ಪನವರಾ? ಎತ್ತರಕ, ಬಿಳೀ ಪಟಗಾ ಸುತ್ತತಿದ್ರಲ್ಲ, ಅವರೇನು?”

ಪರಪ್ಪ ದೊಡ್ಡಪ್ಪ ಗಿಡ್ಡಕ್ಕಿದ್ದ, ಕರಿಯ ಟೊಪ್ಪಿಗೆ ಹಾಕುತ್ತಿದ್ದ. “ಅವರ ರೀ” ಎಂದ ಶ್ರೀಶೈಲ.

“ಛೇ ಛೇ ಛೇ! ಹ್ವಾದ ವರ್ಷ ಊರಿಗೆ ಹೋದಾಗ ಮಾತಾಡ್ಸಿ ಬಂದೀನಿ. ಎಷ್ಟ ಗಟ್ಟಿ ಇದ್ರು!”

ತಮ್ಮ ಕಡೆಯ ಹಿರಿಯರೊಬ್ಬರು ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಸಿದ್ದರಾಮಪ್ಪನವರ ಜಾಯಮಾನದಲ್ಲಿರಲಿಲ್ಲ. ಅದು ಶ್ರೀಶೈಲನಿಗೆ ಅನುಕೂಲವೇ ಆಯಿತು. ಆದರೆ ಅವರು ಮುಂದಿನ ಪ್ರಶ್ನೆ ಕೇಳಿದರು: “ಮಣ್ಣು ಯಾವಾಗ?”

ಆಗಿಹೋಯಿತು ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಶ್ರೀಶೈಲ ಸುಳ್ಳು ಹೇಳುವುದರಲ್ಲಿ ಹೊಸಬ. ಹೊಸಬರು ಯಾವಾಗಲೂ ಬೇಡವಾದ ವಿವರ ಸೇರಿಸುತ್ತಾರೆ. “ನಾಳೆ ಮಧ್ಯಾಹ್ನರೀ. ಮಗ ದುಬೈದಿಂದ ಬರಬೇಕು” ಎಂದ. ಪರಪ್ಪ ದೊಡ್ಡಪ್ಪನಿಗೆ ಮಕ್ಕಳೇ ಇರಲಿಲ್ಲ.

“ಸಾವಿನ ಸೂತಕ ಹೊತ್ತು ಮದುವಿ ಮನಿಗೆ ಹ್ಯಾಂಗ ಹೋಗೂದು? ಅದಕ್ಕ ಟಿಕೆಟ್ ಕ್ಯಾನ್ಸಲ್” ಎಂದು ಇನ್ನೊಂದು ವಿವರವನ್ನೂ ಸೇರಿಸಿದ. ಸಿದ್ದರಾಮಪ್ಪ ಕ್ಯಾನ್ಸಲ್ ಮಾಡಿ, “ದಾಖಲಿ ಆಮ್ಯಾಲೆ ಕೊಟ್ರ ನಡೀತೈತಿ, ರಿಫಂಡ್ ಪೂರ್ತಿ ಬರತೈತಿ” ಎಂದು ಅವನ ಭುಜ ತಟ್ಟಿ ಕಳಿಸಿಕೊಟ್ಟರು.

ಶ್ರೀಶೈಲ ಶಿಳ್ಳೆ ಹಾಕುತ್ತ ಬಿಲ್ಡಿಂಗಿನ ಮೆಟ್ಟಿಲು ಹತ್ತಿದ. ಎರಡು ತುತ್ತು ಉಪ್ಪಿಟ್ಟು ತಿಂದು ಸಾಯನ್ ಕಡೆಗೆ ಹೊರಡುವುದೆಂದು ಒಗ್ಗರಣೆ ಹಾಕಿದ. ಅಷ್ಟರಲ್ಲಿ ಫೋನು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು. ಸಮಾಜದ ವಾಟ್ಸಪ್ ಗ್ರೂಪು. ಮೇಲೊಂದು ದೀಪದ ಚಿತ್ರ, ಕೆಳಗೆ ಸಿದ್ದರಾಮಪ್ಪನವರ ಬರಹ: ‘ಭಾಂಡುಪ್‌ನ ಶ್ರೀಶೈಲ ಅವರ ಪೂಜ್ಯ ದೊಡ್ಡಪ್ಪ, ಕೊಡುಗೈ ದಾನಿ, ಸಮಾಜದ ಹಿರಿಯ ಚೇತನ ಶ್ರೀ ಪರಪ್ಪನವರು ಇಂದು ಲಿಂಗೈಕ್ಯರಾದರು.’ ಅದರ ಕೆಳಗೆ ಮುಗಿದ ಕೈಗಳ ಸಾಲು. ವಡಾಲದವರೊಬ್ಬರು, ‘ನನ್ನ ಮದುವೆಯಲ್ಲಿ ಮೊದಲು ಅಕ್ಕಿಕಾಳು ಹಾಕಿದವರೇ ಅವರು’ ಎಂದು ಬರೆದಿದ್ದರು. ಮಲಾಡಿನವರೊಬ್ಬರಿಗೆ ಪರಪ್ಪನವರು ಕಳೆದ ತಿಂಗಳಷ್ಟೇ ಒತ್ತಾಯ ಮಾಡಿ ಚಹ ಕುಡಿಸಿದ್ದರಂತೆ. ಬದುಕಿದ್ದಾಗ ದೊಡ್ಡಪ್ಪ ಒಬ್ಬರಿಗೂ ಒಂದು ಲೋಟ ನೀರು ಕೊಟ್ಟವನಲ್ಲ. ಗಂಡಸರಷ್ಟೇ ಇದ್ದ ಗ್ರೂಪಾದ್ದರಿಂದ ಮಾಧುರಿಗೆ ತಿಳಿಯುವುದಿಲ್ಲ ಎಂಬುದೊಂದೇ ಶ್ರೀಶೈಲನಿಗೆ ಸಮಾಧಾನ.

ಯಾರೋ ಬಾಗಿಲು ದಬದಬ ಬಡಿದರು. ಪಕ್ಕದ ಮನೆಯ ಸೇವಂತಿ. ಉಡುಪಿ ಕಡೆಯವಳು, ಬಿಲ್ಡಿಂಗಿನ ಸುಖದುಃಖಗಳಿಗೆಲ್ಲ ಕರೆಯದೆ ಬರುವವಳು.

“ಅಯ್ಯೋ ಅಣ್ಣ, ಎಂತ ಆಗಿ ಹೋಯ್ತು ಇದು! ನಮ್ಮವರ ಹೋಟ್ಲಿಗೆ ಬಂದವರು ಯಾರೋ ಹೇಳಿದ್ದಂತೆ.” ಒಳಗೆ ಬಂದವಳ ಮೂಗಿಗೆ ಒಗ್ಗರಣೆಯ ವಾಸನೆ ಬಡಿಯಿತು. “ಒಲೆ ಹಚ್ಚಿದ್ದೀರಾ? ಸಾವಾದ ಮನೆಯಲ್ಲಿ ಒಲೆ ಹಚ್ಚುವುದುಂಟಾ ಮಾರಾಯ್ರೆ? ನಾವೆಲ್ಲ ಇಲ್ಲಿ ಎಂತಕ್ಕಿರುವುದು?”

ಗ್ಯಾಸ್ ಆರಿತು. ಉಪ್ಪಿಟ್ಟಿನ ಬಾಣಲೆ ಅವಳ ಮನೆಗೆ ಹೋಯಿತು. ಅದರ ಬದಲು ಒಂದು ಪಾತ್ರೆ ಗಂಜಿ ಬಂತು. ಗಂಜಿಯ ಹಿಂದೆ ಅವಳ ಗಂಡ ಚೆನ್ನಯ ಬಂದ. ಹೋಟೆಲಿನ ಮ್ಯಾನೇಜರ್, ಗಿರಾಕಿ ಎದ್ದು ಹೋಗುವವರೆಗೆ ಕಣ್ಣು ಕೀಳದೆ ನೋಡುವುದು ಅವನ ಉದ್ಯೋಗ. ಶ್ರೀಶೈಲನ ಎದುರು ಕುರ್ಚಿ ಎಳೆದುಕೊಂಡು ಕೂತ.

“ದುಃಖದಲ್ಲಿದ್ದವರನ್ನು ಒಬ್ಬರೇ ಬಿಡ್ಲಿಕ್ಕೆ ಆಗುವುದಿಲ್ಲ. ನಾನು ಇವತ್ತು ರಜೆ ಹಾಕಿದ್ದೇನೆ” ಎಂದ. “ನೀವು ಬಾತ್‌ರೂಮಿಗೆ ಹೋದರೂ ಚಿಲಕ ಹಾಕ್ಬೇಡಿ.”

ಶ್ರೀಶೈಲ ಗಡಿಯಾರ ನೋಡಿದ. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಅವನು ಮೆಲ್ಲಗೆ ಎದ್ದು ಬ್ಯಾಗು ಹೆಗಲಿಗೇರಿಸಿ, “ಸ್ವಲ್ಪ ಹೊರಗ ಗಾಳಿಗೆ ಹೋಗಿ ಬರ್ತೀನ್ರೀ” ಎಂದ.

“ಗಾಳಿಗೆ ಬ್ಯಾಗು ಎಂತಕ್ಕೆ?” ಎಂದು ಚೆನ್ನಯ ಬ್ಯಾಗನ್ನು ಮೃದುವಾಗಿ ಇಳಿಸಿಕೊಂಡ. “ಬನ್ನಿ, ಕೂತ್ಕೊಳ್ಳಿ. ಅಳು ಬಂದರೆ ಅತ್ತುಬಿಡಿ. ಗಂಡಸರು ಅಳಬಾರದು ಅಂತ ಏನಿಲ್ಲ.”

ಕಣ್ಣೆದುರೇ ಬಸ್ಸಿನ ಹೊತ್ತು ಮೀರಿತು. ಹೊಟ್ಟೆಯಲ್ಲಿ ಉಪ್ಪಿಲ್ಲದ ಗಂಜಿ, ಕಿವಿಯಲ್ಲಿ ದೊಡ್ಡಪ್ಪನ ಗುಣಗಾನ. ಶ್ರೀಶೈಲನಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. “ನೋಡಿ, ಎಷ್ಟು ಪ್ರೀತಿ ಇತ್ತು!” ಎಂದು ಸೇವಂತಿ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಆ ಹೊತ್ತಿಗೆ ಸರಿಯಾಗಿ ಸಿದ್ದರಾಮಪ್ಪನವರು ಸಮಾಜದ ನಾಲ್ಕಾರು ಹಿರಿಯರೊಡನೆ ಬಂದರು. ಕೈಯಲ್ಲಿ ತೋಳಿನಷ್ಟು ದಪ್ಪದ ಸೇವಂತಿಗೆ ಹೂವಿನ ಹಾರ. ಹಾಸಿದ ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು.

“ಶ್ರೀಶೈಲಪ್ಪಾ, ಮುಂಜಾನಿ ನೀವು ಹೇಳಿದ್ದು ಆಮ್ಯಾಲೆ ನನಗ ತಲ್ಯಾಗ ಕೊರಿಯಾಕ ಹತ್ತಿತು. ಲಿಂಗವಂತರಿಗೆ ಸೂತಕ ಎಲ್ಲಿ ಬಂತ್ರೀ? ನಮ್ಮ ಶರಣರು ಅದನ್ನ ಎಂದೋ ತಗದು ಒಗದಾರ. ಸಮಾಜದ ಮೆಂಬರ್ ಆಗಿ ನೀವ ಹಿಂಗ ಅಂದ್ರ ಹ್ಯಾಂಗ? ಮಣ್ಣಿಗೂ ಹೋಗಬೇಕು, ಮದುವಿಗೂ ಹೋಗಬೇಕು.”

ಹಿರಿಯರು ತಲೆಯಾಡಿಸಿದರು.

“ಅದೂ ಹೋಗ್ಲಿ. ದೊಡ್ಡಪ್ಪನ ಮಣ್ಣು ನಾಳೆ. ಊರ ಕಡೆ ಹೋಗೂ ವಿಮಾನದ ಟಿಕೆಟ್ ಕೈಯಾಗಿತ್ತು. ಅದನ್ನ ಕ್ಯಾನ್ಸಲ್ ಮಾಡಿ ಮನ್ಯಾಗ ಕುಂತು ಅಳಾಕ ಹತ್ತೀರಿ! ದುಃಖದಾಗ ಬುದ್ಧಿ ಓಡೂದಿಲ್ಲ, ಖರೆ. ನಮಗರೆ ಓಡಬೇಕಲ್ಲ?”

“ನಾ… ನಾ ಬಸ್ಸಿಗೆ ಹೋಗ್ತೀನ್ರೀ” ಎಂದ ಶ್ರೀಶೈಲ.

“ಘಾಟಿನ್ಯಾಗ ಬಸ್ಸು ಕೆಟ್ಟು ನಿಂತ್ರ? ಒಂದ ಹಿಡಿ ಮಣ್ಣು ಹಾಕೂ ಭಾಗ್ಯ ತಪ್ಪತೈತಿ. ಅದೆಲ್ಲಾ ಬ್ಯಾಡ. ನಾ ಮತ್ತ ಅದ ವಿಮಾನದಾಗ ಸೀಟು ಹಿಡದೀನಿ. ನಿಮ್ಮ ಪುಣ್ಯಾ, ಹಂಗ ಖಾಲಿ ಇತ್ತು.”

ಇನ್ನು ನಿಜ ಹೇಳದೆ ಗತಿಯಿಲ್ಲ ಎಂದು ಶ್ರೀಶೈಲನಿಗೆ ಅನಿಸಿತು. ಪೂರ್ತಿ ನಿಜ ಹೇಳುವ ಧೈರ್ಯ ಬರಲಿಲ್ಲ, ಅರ್ಧ ಹೇಳಿದ. “ಖರೇ ಹೇಳ್ತೀನ್ರೀ, ನನಗ ವಿಮಾನ ಅಂದ್ರ ಅಂಜಿಕಿ. ಎದಿ ಹೊಡಕೊಳ್ಳಾಕ ಹತ್ತೇತಿ, ನೋಡ್ರಿ, ಕೈ ನಡಗಾಕ ಹತ್ತಾವು. ನನ್ನನ್ನ ಬಿಟ್ಟಬಿಡ್ರಿ.”

ಜೀವಮಾನದಲ್ಲಿ ಅವನು ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದು ಕಡಿಮೆ. ಆದರೆ ಸೇವಂತಿ, “ಪಾಪ, ಬೇಜಾರಿಗೆ ಎಂತೆಂತದೋ ಮಾತಾಡ್ತಾರೆ” ಎಂದಳು. “ದಿನಾ ಲೋಕಲ್‌ನಲ್ಲಿ ನೇತಾಡುವವರಿಗೆ ವಿಮಾನ ಹೆದರಿಕೆಯಂತೆ!” ಎಂದ ಚೆನ್ನಯ, ಅವನ ಬ್ಯಾಗು ಎತ್ತಿಕೊಂಡು ಎದ್ದ.

ಕೆಳಗೆ ಗಾಡಿ ನಿಂತಿತ್ತು. ಶ್ರೀಶೈಲನನ್ನು ಮಧ್ಯ ಕೂರಿಸಿ ಈ ಕಡೆ ಚೆನ್ನಯ, ಆ ಕಡೆ ಸಮಾಜದ ಒಬ್ಬರು ಕೂತರು. ಮುಂದೆ ಸಿದ್ದರಾಮಪ್ಪ, ಅವರ ತೊಡೆಯ ಮೇಲೆ ಹಾರ. ಶ್ರೀಶೈಲನ ಕೊನೆಯ ಆಸೆ ಜೋಗೇಶ್ವರಿ ಲಿಂಕ್ ರೋಡಿನ ಟ್ರಾಫಿಕ್ಕು. ಆ ರಸ್ತೆಯಲ್ಲಿ ಸಿಕ್ಕಿಕೊಂಡು ವಿಮಾನ ತಪ್ಪಿಸಿಕೊಂಡವರು ಮುಂಬೈ ತುಂಬ ಇದ್ದಾರೆ. ಅವತ್ತು ಏನಾಗಿತ್ತೋ, ರಸ್ತೆ ಹಬ್ಬದ ದಿನದ ಅಂಗಳದಂತೆ ಗುಡಿಸಿಟ್ಟ ಹಾಗೆ ಖಾಲಿ ಇತ್ತು. “ನೋಡ್ರಿ, ಪರಪ್ಪನವರ ಪುಣ್ಯದ ಫಲ” ಎಂದರು ಸಿದ್ದರಾಮಪ್ಪ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಯುವಾಗ ಶ್ರೀಶೈಲನಿಗೆ ತಟ್ಟನೆ ಒಂದು ದಾರಿ ಹೊಳೆಯಿತು. ಬಾಗಿಲಿನೊಳಗೆ ಇವರಾರನ್ನೂ ಬಿಡುವುದಿಲ್ಲ. ತಾನು ಒಳಗೆ ಹೋಗಿ ಎಲ್ಲಾದರೂ ಒಂದು ಕಂಬದ ಮರೆಯಲ್ಲಿ ನಿಲ್ಲುವುದು, ಇವರ ಗಾಡಿ ಭಾಂಡುಪ್ ಕಡೆ ತಿರುಗಿದ ಮೇಲೆ ಹೊರಗೆ ಬಂದು ಇನ್ನಾವುದಾದರೂ ಬಸ್ಸು ಹಿಡಿಯುವುದು. ಅವನ ಮುಖಕ್ಕೆ ಬಣ್ಣ ಬಂತು. ಎಲ್ಲರಿಗೂ ಕೈಮುಗಿದ. ಚೆನ್ನಯನನ್ನು ಅಪ್ಪಿಕೊಂಡ. “ನಿಮ್ಮ ಉಪಕಾರ ಮರಿಯೂದಿಲ್ರೀ” ಎಂದು ಮನಸಾರೆ ಹೇಳಿ ಬಾಗಿಲಿನತ್ತ ನಡೆದ.

ಪೊಲೀಸನಿಗೆ ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟಾಗ ಬೆನ್ನ ಹಿಂದೆಯೇ ಸೇವಂತಿಗೆ ಹೂವಿನ ವಾಸನೆ ಬಂತು. ತಿರುಗಿ ನೋಡಿದ. ಸಿದ್ದರಾಮಪ್ಪ ಹಾರವನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಟಿಕೆಟ್ಟನ್ನು ಪೊಲೀಸನಿಗೆ ತೋರಿಸುತ್ತಿದ್ದರು.

“ಹಂಗ್ಯಾಕ ನೋಡ್ತೀರಿ? ನಾನೂ ಬರ್ತೀನಿ” ಎಂದರು. “ಸಮಾಜದ ವತಿಯಿಂದ ಒಬ್ಬರರೆ ಮಣ್ಣಿಗೆ ಬರಬೇಕೋ ಬ್ಯಾಡೋ? ಅಂಥಾ ದೊಡ್ಡ ಮನಿಷ್ಯಾ. ಖರ್ಚಿನ ಚಿಂತಿ ಮಾಡಬ್ಯಾಡ್ರಿ. ನಿಮ್ಮ ರಿಫಂಡ್ ಬರೂದೈತಲ್ಲ, ಅದರಾಗ ನನ್ನ ಟಿಕೆಟ್ ಸರಿಹೋಗತೈತಿ.”

ಕಂಬಗಳೆಲ್ಲ ಹಿಂದೆ ಉಳಿದವು. ಸಿದ್ದರಾಮಪ್ಪ ಅವನ ಮೊಳಕೈ ಬಿಡಲಿಲ್ಲ. ತಪಾಸಣೆಯಲ್ಲಿ ಹಾರವನ್ನು ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಕಳಿಸಿದರು, ಆಚೆ ಅದನ್ನು ನೀಟಾಗಿ ಎತ್ತಿಕೊಂಡರು. ವಿಮಾನದಲ್ಲಿ ಶ್ರೀಶೈಲನನ್ನು ಕಿಟಕಿಯ ಕಡೆ ಕೂರಿಸಿ, ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ತಾವು ಕೂತು, ಅವನ ಸೀಟಿನ ಪಟ್ಟಿಯನ್ನೂ ತಾವೇ ಬಿಗಿದರು. ವಿಮಾನ ಗುಡುಗುಡು ಎನ್ನತೊಡಗಿತು. ಶ್ರೀಶೈಲ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

“ಇನ್ನೊಂದ ಮಾತು” ಎಂದರು ಸಿದ್ದರಾಮಪ್ಪ ಅವನ ಕಿವಿಯ ಹತ್ತಿರ. “ಆ ರಿಫಂಡಿಗೆ ಮರಣದ ದಾಖಲಿ ಬೇಕಲ್ಲ? ನೀವು ದುಃಖದಾಗ ಎಲ್ಲಿ ತಿರುಗಾಡ್ತೀರಿ? ಮಣ್ಣು ಮುಗದ ಕೂಡ್ಲೆ ನಾನ ಪಂಚಾಯ್ತಿಗೆ ಹೋಗಿ, ಕುಂತು ಬರಸ್ಕೊಂಡ ಬರ್ತೀನಿ.”

ಶ್ರೀಶೈಲ ಕಣ್ಣು ತೆರೆದ.

“ನಿಮ್ಮ ಮನಿಯವರ ತಮ್ಮ, ಸಂತು, ಅವಗೂ ಫೋನ್ ಹಚ್ಚಿದ್ದೆ. ಏರ್‌ಪೋರ್ಟಿಗೆ ಗಾಡಿ ತಗೊಂಡ ಬಾ, ನಿಮ್ಮ ಮಾಮಾ ಈಗ ಬರಾಕ ಹತ್ತ್ಯಾರ ಅಂದೆ. ಸುದ್ದಿ ಹೇಳಲಿಲ್ಲ. ಮದುವಿ ಮನಿ, ಫೋನಿನ್ಯಾಗ ಹೇಳಿದ್ರ ಎದಿ ಒಡಕೋತಾರ. ಇಳಿದ ಮ್ಯಾಲೆ ನಾನ ಸಮಾಧಾನದಿಂದ ಹೇಳ್ತೀನಿ. ಹುಡುಗ ಭಾಳ ಖುಷಿ ಆದ. ಅಕ್ಕನ್ನೂ ಬೀಗರನ್ನೂ ಎಲ್ಲಾರನ್ನೂ ಕರಕೊಂಡ ಬರ್ತೀನಿ ಅಂದ.”

ಪರಪ್ಪ ದೊಡ್ಡಪ್ಪ ನಿಜವಾಗಿ ಸತ್ತಾಗ ಹೆಗಲು ಕೊಟ್ಟವರಲ್ಲಿ ಸಂತು ಒಬ್ಬ. ಆಗ ಹೊಸ ಸೊಸೆಯಾಗಿದ್ದ ಮಾಧುರಿ, ಮಣ್ಣಿಗೆ ಬಂದವರಿಗೆಲ್ಲ ನೀರು ಕೊಟ್ಟಿದ್ದಳು. ಅವರಿಬ್ಬರ ಮುಂದೆ, ಬೀಗರ ಮುಂದೆ, ಹಾರ ಹಿಡಿದ ಸಿದ್ದರಾಮಪ್ಪ ಗಂಟಲು ಸರಿಮಾಡಿಕೊಳ್ಳುವುದು ಶ್ರೀಶೈಲನ ಕಣ್ಣಿಗೆ ಕಟ್ಟಿತು. ವಿಮಾನ ಯಾವಾಗ ನೆಲ ಬಿಟ್ಟಿತೋ ಅವನಿಗೆ ಗೊತ್ತಾಗಲಿಲ್ಲ. ದಾರಿಯಲ್ಲಿ ಅದು ಮೋಡಕ್ಕೆ ಸಿಕ್ಕಿ ಎರಡು ಸಲ ಜೋರಾಗಿ ಕುಲುಕಿತು. ಅಕ್ಕಪಕ್ಕದವರು ಅಯ್ಯೋ ಎಂದರು, ಸಿದ್ದರಾಮಪ್ಪ ಶಿವಶಿವ ಎಂದರು. ಶ್ರೀಶೈಲ ಮಾತ್ರ ಅದು ಇನ್ನೂ ಸ್ವಲ್ಪ ಕುಲುಕಲಿ, ದಾರಿ ತಪ್ಪಿ ಬೇರೆ ಯಾವುದಾದರೂ ಊರಿಗೆ ಹೋಗಲಿ ಎಂದು ಬೇಡಿಕೊಂಡ.

ಇನ್ನು ಕೆಲವೇ ನಿಮಿಷಗಳಲ್ಲಿ ಹುಬ್ಬಳ್ಳಿ ಎಂದು ಹೇಳಿಕೆ ಬಂತು. ಗಗನಸಖಿ ಎಲ್ಲರ ಪಟ್ಟಿ ನೋಡುತ್ತ ಅವನ ಸಾಲಿಗೆ ಬಂದು, ಅವನ ಬೆವರು ನೋಡಿ ನಿಂತಳು.

“ಸರ್, ಮೊದಲನೇ ಸಲಾನಾ? ಭಯ ಪಡಬೇಡಿ. ಇನ್ನೇನು ಇಳಿದೇಬಿಟ್ವಿ.”

ಶ್ರೀಶೈಲ ಅವಳಿಗೆ ಎರಡೂ ಕೈ ಮುಗಿದ. “ತಂಗೀ, ನಿನ್ನ ಕಾಲಿಗೆ ಬೀಳ್ತೀನಿ. ಪೈಲೆಟ್ ಸಾಹೇಬ್ರಿಗೆ ಹೇಳಿ, ವಿಮಾನ ಹಂಗ ವಾಪಸ್ ಮುಂಬೈಗೆ ತಿರುಗಿಸ್ತೀಯೇನವಾ?”